ಕೈ ಹೋಗದ ಜಾಗದ ಸ್ಕ್ರೂ

ಕೆಳಗಿನ ಸಾಲುಗಳನ್ನು ಯಾರೋ ಒಬ್ಬರು ಕೂತು ಬರೆದದ್ದಲ್ಲ. ಸಂಸೆ, ಕಳಸ, ಹೊರನಾಡಿನ ಸುತ್ತ ಮರಗೆಲಸ ಮಾಡುವವರು, ವೈರಿಂಗಿನವರು, ಕಾಫಿ ಪಲ್ಪರ್ ಬಿಚ್ಚಿ ಜೋಡಿಸುವವರು ಕೆಲಸದ ನಡುವೆ ಆಡುವ ಮಾತನ್ನು ಕೇಳಿ ಕೇಳಿ ನಾನು ಸಾಲಿಗೆ ಹಚ್ಚಿಕೊಂಡದ್ದು. ಮಾತು ಅವರದು, ಕ್ರಮ ನನ್ನದು. ಅವರು ಅರ್ಧ ಹೇಳಿ ಸುಮ್ಮನಾಗುತ್ತಾರೆ, ಉಳಿದರ್ಧವನ್ನು ಅವರ ಕೈ ಹೇಳುತ್ತದೆ. ಆ ಕೈಮಾತಿಗೆ ಅಕ್ಷರ ಕೊಡುವ ಪ್ರಯತ್ನ ಈ ವ್ಯಾಖ್ಯಾನ.

ಬಯಲುಸೀಮೆಯ ಓದುಗರಿಗೆ ಮೊದಲೇ ಒಂದು ವಿಷಯ ಹೇಳಬೇಕು. ಸಂಸೆಗೆ ಕುದುರೆಮುಖದ ಗುಡ್ಡಸಾಲು ಬೆನ್ನಿಗೇ ನಿಂತಿದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಮರ ಉಬ್ಬುತ್ತದೆ, ಕಬ್ಬಿಣಕ್ಕೆ ತುಕ್ಕು ಬರುತ್ತದೆ, ಫೋನು ಮಾಡಿದರೆ ಮೇಸ್ತ್ರಿ ‘ಮಳೆ ಹೊಳವಾಗಲಿ’, ಅಂದರೆ ಬಿಡುವು ಕೊಡಲಿ, ಅನ್ನುತ್ತಾರೆ. ಚಾರಣಕ್ಕೆ ಬಂದವರನ್ನು ಉಳಿಸಿಕೊಳ್ಳುವ ಹೋಂ ಸ್ಟೇ ಮನೆಗಳಲ್ಲಿ ಬಚ್ಚಲಿನ ಬಾಗಿಲು ಮುಚ್ಚಿಕೊಳ್ಳದಿದ್ದರೆ ಹೊಳವಾಗುವವರೆಗೆ ಕಾಯಲಾಗುವುದಿಲ್ಲ. ಹೀಗಾಗಿ ಈ ಕಡೆ ಮನೆ ಯಜಮಾನನೇ ಸ್ಕ್ರೂ ಡ್ರೈವರ್ ಹಿಡಿಯುವುದು ಜಾಸ್ತಿ, ಸ್ಕ್ರೂವಿನ ತಲೆ ಕೆಡಿಸುವುದೂ ಜಾಸ್ತಿ.

1. ಹಾಕಿದವನ ಕೈ ಹೋಗಿತ್ತಲ್ಲ, ನಿಮ್ಮದೂ ಹೋಗ್ತದೆ.

ಉಳಿದ ಸಾಲುಗಳೆಲ್ಲ ಮರೆತರೂ ಇದೊಂದು ನೆನಪಿದ್ದರೆ ಸಾಕು. ಯಾವ ಸ್ಕ್ರೂವನ್ನೂ ಸಂದಿಯೊಳಗೆ ಕೈ ತೂರಿಸಿ ಒದ್ದಾಡಿ ಹಾಕಿರುವುದಿಲ್ಲ. ಹಾಕುವ ಹೊತ್ತಿಗೆ ಎದುರಿನ ಜಾಗ ಖಾಲಿ ಇತ್ತು. ಆಮೇಲೆ ಏನೋ ಒಂದು ಬಂದು ಅಡ್ಡ ಕೂತಿತು. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ಡ್ರೈವರ್ ಬೇಕು’ ಅಂತಲ್ಲ, ‘ಇದರ ಆಮೇಲೆ ಏನು ಬಂತು’ ಅಂತ.

ಗೋಡೆ ಕಪಾಟನ್ನೇ ತೆಗೆದುಕೊಳ್ಳಿ. ಹಲಸಿನ ಹಲಗೆಯ ಬಾಗಿಲು, ಮೇಲೊಂದು ಕೆಳಗೊಂದು ಹಿಂಜಸ್. ಬಾಗಿಲು ಜೋತುಬಿದ್ದಿದೆ, ಮೇಲಿನ ಹಿಂಜಸ್ ಬಿಚ್ಚಿ ಮತ್ತೆ ಕೂರಿಸಬೇಕು. ಆದರೆ ಕಪಾಟು ಮಾಡಿ ಎಷ್ಟೋ ವರ್ಷದ ಮೇಲೆ ಪಕ್ಕದ ಗೋಡೆಗೆ ಯಾರೋ ಒಂದು ಕಬ್ಬಿಣದ ಸ್ಟ್ಯಾಂಡು ಹೊಡೆಸಿದ್ದಾರೆ. ಬಾಗಿಲು ಅರ್ಧ ತೆರೆದು ಸ್ಟ್ಯಾಂಡಿಗೆ ತಾಗಿ ನಿಲ್ಲುತ್ತದೆ. ಡ್ರೈವರ್ ನೇರ ನಿಲ್ಲುವಷ್ಟು ಜಾಗವಿಲ್ಲ. ಹತ್ತರಲ್ಲಿ ಒಂಬತ್ತು ಜನ ಇಲ್ಲಿ ಡ್ರೈವರನ್ನು ಓರೆ ಹಿಡಿದು ತಿರುಗಿಸಿ, ತಲೆಯ ಗೀರನ್ನು ಸವೆಸಿ, ಆಮೇಲೆ ಆ ಸ್ಕ್ರೂ ಹಾಕಿದವನನ್ನು ಬೈಯುತ್ತಾರೆ. ಆ ಸ್ಟ್ಯಾಂಡು ನಿಂತಿರುವುದು ಎರಡು ಸ್ಕ್ರೂ ಮೇಲೆ, ಎರಡೂ ಬಟಾಬಯಲಿನಲ್ಲಿವೆ. ಅದನ್ನು ಇಳಿಸಿಟ್ಟರೆ ಕಪಾಟಿನ ಬಾಗಿಲು ಪೂರ್ತಿ ತೆರೆಯುತ್ತದೆ, ಕೈ ಹೋಗದ ಸ್ಕ್ರೂ ಅನ್ನುವುದೇ ಇರುವುದಿಲ್ಲ.

ಸ್ಟ್ಯಾಂಡಿನ ಬದಲು ಗೋಡೆಯೇ ಅಡ್ಡ ಬಂದಿದ್ದರೆ ಹಿಂಜಸ್‌ನ ನಡುವಿನ ಕಡ್ಡಿಯನ್ನು ನೋಡಬೇಕು. ಕೆಳಗಿನಿಂದ ಒಂದು ಮೊಳೆ ಕೊಟ್ಟು ಮೆಲ್ಲಗೆ ತಟ್ಟಿದರೆ ಕೆಲವು ಹಿಂಜಸ್‌ಗಳಲ್ಲಿ ಕಡ್ಡಿ ಮೇಲಕ್ಕೆ ಜಾರಿ ಬರುತ್ತದೆ. ಬಾಗಿಲು ಕೈಗೆ ಬಂತೆಂದರೆ ಎರಡೂ ರೆಕ್ಕೆಯ ಸ್ಕ್ರೂಗಳು ಎದುರಿಗೇ. ಅಗ್ಗದ ಹಿಂಜಸ್‌ಗಳಲ್ಲಿ ಕಡ್ಡಿಯ ಎರಡೂ ತುದಿಯನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ, ಅವು ಬರುವುದಿಲ್ಲ. ಬಡಿಯುವ ಮೊದಲೇ ತುದಿ ಸವರಿ ನೋಡಿದರೆ ಗೊತ್ತಾಗುತ್ತದೆ.

ಮಿಕ್ಸಿಯ ಕತೆಯೂ ಇದೇ. ಅಡಿಯ ಸ್ಕ್ರೂಗಳು ಬಾವಿಯಂಥ ತೂತಿನ ತಳದಲ್ಲಿರುತ್ತವೆ. ಕಾರ್ಖಾನೆಯಲ್ಲಿ ಮಿಕ್ಸಿಯನ್ನು ಬೋರಲು ಮಲಗಿಸಿ, ಮೇಲಿನಿಂದ ಉದ್ದನೆ ಸಪೂರ ಬಿಟ್ ಇಳಿಸಿ ಹಾಕಿದ್ದಾರೆ. ಬಿಚ್ಚುವವನೂ ಬೋರಲು ಮಲಗಿಸಿ, ಅಷ್ಟೇ ಸಪೂರದ ಕಡ್ಡಿ ಇಳಿಸಬೇಕು. ಎಲ್ಲ ತೆಗೆದರೂ ತಳ ಬಿಟ್ಟುಕೊಳ್ಳಲಿಲ್ಲವೆಂದರೆ ಮೀಟಬೇಡಿ. ಇನ್ನೊಂದು ಸ್ಕ್ರೂ ರಬ್ಬರ್ ಕಾಲಿನ ಅಡಿಯಲ್ಲೋ ಸ್ಟಿಕ್ಕರಿನ ಅಡಿಯಲ್ಲೋ ಅಡಗಿರುವ ಸಾಧ್ಯತೆಯೇ ಹೆಚ್ಚು. ಸ್ಟಿಕ್ಕರ್ ಮೇಲೆ ಹೆಬ್ಬೆರಳು ಒತ್ತಿ ಎಳೆದರೆ ಗುಳಿ ಕೈಗೆ ಸಿಗುತ್ತದೆ.

2. ಮಳೆ ಹಿಡಿಯೋ ಮೊದಲು ಬಿಚ್ಚಿ.

ಮರ ನೀರಿನ ಪಸೆ ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಉಬ್ಬುವುದು ಕಣ್ಣಿಗೆ ಕಾಣುವಷ್ಟು. ಸ್ಕ್ರೂ ಸಾಮಾನ್ಯವಾಗಿ ಮರದ ಎಳೆಗೆ ಅಡ್ಡವಾಗಿ ಇಳಿದಿರುತ್ತದೆ, ಉಬ್ಬಿದ ಎಳೆ ಅದನ್ನು ಸುತ್ತಲಿಂದ ಹಿಚುಕುತ್ತದೆ. ಇತ್ತ ಕಬ್ಬಿಣ ತುಕ್ಕಾದರೆ ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಹೊರಗಿನಿಂದ ಮರ ಒತ್ತುತ್ತದೆ, ಒಳಗಿನಿಂದ ತುಕ್ಕು ಒತ್ತುತ್ತದೆ. ಆಗಸ್ಟ್‌ನಲ್ಲಿ ಜಗ್ಗದ ಸ್ಕ್ರೂ ಏಪ್ರಿಲ್‌ನಲ್ಲಿ ಸುಮ್ಮನೆ ಬರುವುದು ಈ ಕಾರಣಕ್ಕೆ. ಕಾಫಿ ಕೊಯ್ಲು ಮುಗಿದು, ಮೆಣಸು ಒಣಗಿ ಚೀಲಕ್ಕೆ ಬಿದ್ದ ಮೇಲೆ, ಮುಂಗಾರಿಗೆ ಮೊದಲು ಸಿಗುವ ಬಿಡುವೇ ಮನೆಯ ಹಿಂಜಸ್, ಚಿಲಕ, ಕಿಟಕಿ ನೋಡುವ ಕಾಲ. ಸೌದೆ ಒಟ್ಟುವುದೂ ಹಂಚು ಸರಿಮಾಡುವುದೂ ಆಗಲೇ ಆದ್ದರಿಂದ ಸ್ಕ್ರೂಗಳ ಸರದಿ ಬರುವುದೇ ಇಲ್ಲ, ಅದು ಬೇರೆ ಮಾತು.

ಹಳೇ ಕಿಟಕಿಗಳಲ್ಲಿ ಸ್ಕ್ರೂವಿನ ಸುತ್ತ ಮಸಿ ಬಳಿದ ಹಾಗೆ ಒಂದು ಕಪ್ಪು ಉಂಗುರ ಕಾಣುತ್ತದೆ. ಅದು ಕೊಳೆಯೆಂದು ತಿಳಿದು ಉಜ್ಜುವವರಿದ್ದಾರೆ. ಅದು ನಿಜಕ್ಕೂ ಮಸಿಯೇ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದರಲ್ಲ, ಇಲ್ಲೂ ಅದೇ ರಸಾಯನ. ಮರದ ಒಗರು, ಸ್ಕ್ರೂವಿನ ಕಬ್ಬಿಣ, ಮಳೆಯ ಪಸೆ, ಮೂರೂ ಸೇರಿದರೆ ಮಸಿ. ಉಂಗುರ ದೊಡ್ಡದಿದ್ದಷ್ಟೂ ಒಳಗೆ ಸ್ಕ್ರೂ ಸಪೂರವಾಗಿದೆ ಎಂದು ಲೆಕ್ಕ ಹಾಕಿ ಮೆಲ್ಲಗೆ ಹೋಗಬೇಕು. ಜೋರು ಮಾಡಿದರೆ ಕತ್ತು ಮುರಿಯುತ್ತದೆ. ಪಕ್ಕದ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗುಡ್ಡ ಕಡಿದು ಅದಿರು ತೆಗೆದರು. ಅದಿರನ್ನು ಕಬ್ಬಿಣ ಮಾಡಲು ಅಷ್ಟು ದೊಡ್ಡ ಕಾರ್ಖಾನೆಗಳು ಬೇಕು, ಕಬ್ಬಿಣವನ್ನು ಮತ್ತೆ ಮಣ್ಣಿನ ಬಣ್ಣಕ್ಕೆ ತರಲು ಸಂಸೆಯ ಮೂರು ಮಳೆಗಾಲ ಸಾಕು.

3. ಕಾಣದ್ದನ್ನ ತಿರುಗಿಸಬೇಡಿ.

ಮೊಬೈಲಿನ ಟಾರ್ಚ್ ಹಾಕಿ, ವಿಡಿಯೋ ಆನ್ ಮಾಡಿ, ಸಂದಿಯೊಳಗೆ ಇಳಿಸಿ ತೆಗೆಯಿರಿ. ಸ್ಕ್ರೂ ಸ್ಟಾರ್ ತಲೆಯದೋ ಒಂದೇ ಗೀರಿನದೋ, ತಲೆ ಮೊದಲೇ ಕೆಟ್ಟಿದೆಯೋ, ಹಿಂದೆ ವಾಷರ್ ಇದೆಯೋ, ಎಲ್ಲ ಬೆಳಕಿನಲ್ಲಿ ಕೂತು ನೋಡಬಹುದು. ಇದೇ ಕೆಲಸಕ್ಕೆ ಹಿಂದಿನ ತಲೆಮಾರಿನವರು ಕ್ಷೌರದ ಕನ್ನಡಿ ಇಡುತ್ತಿದ್ದರು. ಕನ್ನಡಿಯಲ್ಲಿ ಒಂದು ಮೋಸವಿದೆ: ಅದರೊಳಗೆ ನೋಡಿಕೊಂಡು ತಿರುಗಿಸಿದರೆ ದಿಕ್ಕು ಉಲ್ಟಾ ಕಾಣುತ್ತದೆ. ಬಿಚ್ಚುತ್ತಿದ್ದೇನೆಂದು ಬಿಗಿ ಮಾಡುತ್ತಾ ಹೋಗುವುದು ಹೀಗೆ.

ದಿಕ್ಕಿಗೆ ಸುಲಭದ ಉಪಾಯ ಬಲಗೈ. ಸ್ಕ್ರೂ ಯಾವ ಕಡೆ ಹೊರಬರಬೇಕೋ ಆ ಕಡೆ ಬಲಗೈ ಹೆಬ್ಬೆರಳು ತೋರಿಸಿ, ಉಳಿದ ಬೆರಳು ಮಡಚಿ. ಬೆರಳು ಮಡಚಿಕೊಳ್ಳುವ ದಿಕ್ಕಿಗೇ ತಿರುಗಿಸಬೇಕು. ತಲೆ ಕೆಳಗಿರುವ ಸ್ಕ್ರೂ, ಹಲಗೆಯ ಹಿಂದಿನಿಂದ ಬಂದ ಸ್ಕ್ರೂ, ಎಲ್ಲದಕ್ಕೂ ಇದು ನಡೆಯುತ್ತದೆ. ನಡೆಯದಿರುವುದು ಎಡಮರೆಯವಕ್ಕೆ (ಮರೆ ಎಂದರೆ ಸ್ಕ್ರೂವಿನ ಮೈಯ ಸುರುಳಿ): ಸೈಕಲ್ಲಿನ ಎಡ ಪೆಡಲು, ಬಹುಪಾಲು ಟೇಬಲ್ ಫ್ಯಾನುಗಳ ರೆಕ್ಕೆಯ ಮುಂದಿನ ಬಿರಡೆ. ಓಡುವಾಗ ತಾನಾಗಿ ಸಡಿಲವಾಗದಿರಲಿ ಎಂದು ಇವನ್ನು ಉಲ್ಟಾ ಮಾಡಿರುತ್ತಾರೆ.

ಸ್ವಿಚ್ ಬೋರ್ಡ್ ಆದರೆ ಈ ಸಾಲಿಗೆ ಇನ್ನೊಂದು ಅರ್ಥ ಸೇರುತ್ತದೆ. ಕಾಣದ್ದು ಎಂದರೆ ಕರೆಂಟ್. ಮೆಸ್ಕಾಂ ಕರೆಂಟು ಹೋಗಿದೆಯೆಂದೋ ಮೇನ್ ಆಫ್ ಮಾಡಿದ್ದೇನೆಂದೋ ಧೈರ್ಯದಿಂದ ಬೋರ್ಡಿನೊಳಗೆ ಡ್ರೈವರ್ ತೂರಿಸಬೇಡಿ. ಮಲೆನಾಡಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ಮೇನ್ ಆಫ್ ಆದ ಕ್ಷಣ ಇನ್ವರ್ಟರ್ ತನ್ನ ಲೈನಿಗೆ ಕರೆಂಟ್ ಕೊಡಲು ಶುರುಮಾಡುತ್ತದೆ, ಅದೂ ಅಷ್ಟೇ ವೋಲ್ಟೇಜಿನ ಕರೆಂಟ್. ಎರಡನ್ನೂ ಆರಿಸಿ, ಆ ಬೋರ್ಡಿನ ಪ್ರತಿ ತಂತಿಗೂ ಟೆಸ್ಟರ್ ಇಟ್ಟು ನೋಡಿಯೇ ಮುಂದಿನ ಕೆಲಸ.

4. ತಲೆ ತೊಳೆಯದೆ ಬಾಯಿ ಇಡಬೇಡಿ.

ತಲೆ ಸ್ಕ್ರೂವಿನದು, ಬಾಯಿ ಡ್ರೈವರಿನದು. ದೀಪಾವಳಿಗೊಮ್ಮೆ ಮದುವೆಗೊಮ್ಮೆ ಬಳಿದ ಪೇಂಟು ಪದರ ಪದರವಾಗಿ ಗೀರಿನಲ್ಲಿ ಕೂತಿರುತ್ತದೆ. ಅಡುಗೆಮನೆಯಲ್ಲಾದರೆ ಹೊಗೆಯ ಜಿಡ್ಡು. ಮೇಲಿನಿಂದ ನೋಡಿದರೆ ಗೀರು ಇದೆ, ಒಳಗೆ ಆಳವಿಲ್ಲ. ದಬ್ಬಳವನ್ನೋ ಮಕ್ಕಳ ಜಾಮಿಟ್ರಿ ಬಾಕ್ಸಿನ ಕೈವಾರದ ಮೊನೆಯನ್ನೋ ತೆಗೆದುಕೊಂಡು ಗೀರಿನ ತಳದವರೆಗೂ ಕೆರೆಯಬೇಕು. ತಲೆಯ ಸುತ್ತಲ ಪೇಂಟನ್ನೂ ಬ್ಲೇಡಿನಿಂದ ಗೀರಿ ಬಿಡಿಸಬೇಕು, ಇಲ್ಲದಿದ್ದರೆ ಸ್ಕ್ರೂ ಬರುವಾಗ ಪೇಂಟಿನ ಹಕ್ಕಳೆಯನ್ನೂ ಎತ್ತಿಕೊಂಡು ಬರುತ್ತದೆ.

ಬಾಯಿಯೂ ಅಳತೆಯದಾಗಿರಬೇಕು. ಸ್ಟಾರ್ ತಲೆಗಳಿಗೆ 0, 1, 2, 3 ಎಂಬ ನಂಬರುಗಳಿವೆ. ಮನೆಯ ಸ್ಕ್ರೂಗಳಲ್ಲಿ ಬಹುಪಾಲು 2. ಅದಕ್ಕೆ 1ನೇ ನಂಬರಿನ ಮೊನೆಯೂ ಇಳಿಯುತ್ತದೆ, ತಿರುಗಿದಂತೆಯೂ ಆಗುತ್ತದೆ, ಎರಡು ಸುತ್ತಿನಲ್ಲಿ ನಾಲ್ಕು ಗೋಡೆಯನ್ನೂ ಸವೆಸಿ ಗುಂಡಗೆ ಮಾಡಿಡುತ್ತದೆ. ಇನ್ನು ನಮ್ಮ ಮನೆಗಳಲ್ಲಿ ಸರ್ವರೋಗಕ್ಕೂ ಮದ್ದಾಗಿರುವ ಆ ಟೆಸ್ಟರ್! ಕರೆಂಟ್ ಇದೆಯೇ ಎಂದು ನೋಡಲು ಮಾಡಿದ ಕಡ್ಡಿಯಿಂದ ಹಿಂಜಸ್ ಬಿಚ್ಚಲು ಹೊರಟರೆ ಸ್ಕ್ರೂವೂ ಹಾಳು, ಟೆಸ್ಟರೂ ಹಾಳು.

ಸ್ಟಾರ್ ತಲೆಯ ಸ್ವಭಾವವೇ ಡ್ರೈವರನ್ನು ಹೊರಗೆ ತಳ್ಳುವುದು. ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್ ಇದಕ್ಕೆ ಪೇಟೆಂಟ್ ಪಡೆದದ್ದು 1936ರಲ್ಲಿ. ಕಾರು ಕಾರ್ಖಾನೆಯಲ್ಲಿ ಯಂತ್ರದ ಮೊನೆ ತಾನಾಗಿ ನಡುವಿಗೆ ಬಂದು ಕೂರಬೇಕಿತ್ತು, ಅದಕ್ಕೆ ಈ ಗುಳಿ ಹೇಳಿಮಾಡಿಸಿದ್ದು. ಗೋಡೆಗಳು ಓರೆ ಇರುವುದರಿಂದ ಮೊನೆ ಸಲೀಸಾಗಿ ಇಳಿಯುತ್ತದೆ. ಅದೇ ಓರೆಯಿಂದಾಗಿ ಜೋರು ಬಿದ್ದಾಗ ಮೇಲಕ್ಕೂ ಜಾರುತ್ತದೆ. ಅವನಿಗಿಂತ ಮೊದಲೇ, 1908ರಲ್ಲಿ, ಕೆನಡಾದ ರಾಬರ್ಟ್‌ಸನ್ ಚೌಕ ಗುಳಿಯ ಸ್ಕ್ರೂ ಮಾಡಿದ್ದ. ಅದು ಜಾರುವುದು ಕಡಿಮೆ. ನಮ್ಮ ಕಡೆ ಅಂಗಡಿಗೆ ಬಂದದ್ದು ಮಾತ್ರ ಫಿಲಿಪ್ಸನದು, ಅನುಭವಿಸಬೇಕು.

5. ಎಣ್ಣೆ ಬಿಟ್ಟು ಊಟಕ್ಕೆ ಹೋಗಿ.

‘ಆಚಾರ್ರೆ, ಈಗ್ಲೇ ಒಮ್ಮೆ ತಿರುಗಿಸಿ ನೋಡ್ಬಹುದಲ್ಲ?’

‘ನೋಡ್ಬಹುದು ಭಟ್ರೆ. ತಲೆ ಹೋದ ಮೇಲೆ ನನ್ನ ಕರೀಬಹುದು.’

ತುಕ್ಕಿನ ಬಿರುಕುಗಳು ಕೂದಲಿಗಿಂತ ಸಪೂರ. ಅವುಗಳಲ್ಲಿ ಎಣ್ಣೆ ಹರಿಯುವುದಿಲ್ಲ, ಹಬ್ಬುತ್ತದೆ. ಹಬ್ಬಲು ಹೊತ್ತು ಬೇಕು. ಹತ್ತು ನಿಮಿಷದಲ್ಲಿ ಆಗದ್ದು ರಾತ್ರಿ ಕಳೆದರೆ ಆಗುತ್ತದೆ. ಎಣ್ಣೆ ತೆಳ್ಳಗಿರಬೇಕು. ಸೀಮೆಎಣ್ಣೆಗೆ ಒಂದಿಷ್ಟು ಇಂಜಿನ್ ಆಯಿಲ್ ಬೆರೆಸಿದ್ದು ಹಳೇ ಮದ್ದು. ಈಗ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಡಬ್ಲ್ಯುಡಿ-40 ಸಿಗುತ್ತದೆ. ಅದು 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಮೈಯಿಂದ ನೀರಿನ ಪಸೆ ದೂರವಿಡಲು ಮಾಡಿದ್ದು, 40ನೇ ಸಲದ ಮಿಶ್ರಣ ಕೈಹಿಡಿಯಿತೆಂದು ಆ ಹೆಸರು. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಬಿಡುವುದು ಮಾತ್ರ ಬೇಡ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಸಂಸೆಯ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಸ್ಕ್ರೂವಿನ ಮರೆಯಲ್ಲಿ ಏನು ಹಬ್ಬೀತು.

ತಲೆ ಕೆಳಗಾದ ಸ್ಕ್ರೂಗೆ ಎಣ್ಣೆ ಬಿಟ್ಟರೆ ಎಣ್ಣೆ ನಿಮ್ಮ ಮುಖಕ್ಕೆ. ಇದಕ್ಕೆ ದೇವರ ಮನೆಯಲ್ಲಿ ಔಷಧಿ ಇದೆ: ಹೂಬತ್ತಿ. ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ತಲೆಯ ಸುತ್ತ ಒತ್ತಿ, ಮೇಲೆ ಟೇಪು ಅಂಟಿಸಿ ಬಿಟ್ಟರೆ ರಾತ್ರಿಯಿಡೀ ಮೇಲಕ್ಕೆ ಉಣಿಸುತ್ತಿರುತ್ತದೆ.

ಇಲ್ಲೊಂದು ಭೇದ ತಿಳಿದಿರಬೇಕು. ಕಬ್ಬಿಣದೊಳಗಿನ ಕಬ್ಬಿಣಕ್ಕೆ ಎಣ್ಣೆ, ಮರದೊಳಗಿನ ಕಬ್ಬಿಣಕ್ಕೆ ಕಾವು. ಮರದಲ್ಲಿ ಹೂತ ಸ್ಕ್ರೂಗೆ ಬಿಟ್ಟ ಎಣ್ಣೆಯನ್ನು ಮರವೇ ಕುಡಿಯುತ್ತದೆ, ಕಲೆ ಉಳಿಯುತ್ತದೆ, ಮುಂದೆ ಆ ಜಾಗಕ್ಕೆ ಅಂಟು ಹಿಡಿಯುವುದಿಲ್ಲ. ಅದರ ಬದಲು ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಸ್ಕ್ರೂವಿನ ತಲೆಗೆ ತುಸು ಹೊತ್ತು ಒತ್ತಿ ಹಿಡಿಯಬೇಕು. ಸ್ಕ್ರೂ ಕಾದು ಹಿಗ್ಗಿ ಸುತ್ತಲ ಎಳೆಯನ್ನು ಒತ್ತರಿಸುತ್ತದೆ, ಆರಿದಾಗ ಕುಗ್ಗಿ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ಪೂರ್ತಿ ಆರಿದ ಮೇಲೆ ತಿರುಗಿಸಿ. ಮರದಿಂದ ಹೊಗೆಯ ವಾಸನೆ ಬಂದರೆ ಹೆಚ್ಚಾಯಿತೆಂದು ಅರ್ಥ. ಗ್ಯಾಸಿನ ಪೈಪು, ವೈರು, ಪ್ಲಾಸ್ಟಿಕ್ ಹತ್ತಿರವಿದ್ದರೆ ಈ ದಾರಿಯೇ ಬೇಡ, ಎಣ್ಣೆ ಬಿಟ್ಟ ಕಡೆಗಂತೂ ಖಂಡಿತ ಬೇಡ. ಅಲ್ಯೂಮಿನಿಯಂ ಕಿಟಕಿಯಲ್ಲಿ ಸಿಕ್ಕ ಕಬ್ಬಿಣದ ಸ್ಕ್ರೂಗೂ ಕಾವು ಆಗುತ್ತದೆ, ಆದರೆ ಅಲ್ಲಿ ಕಾಯಿಸಬೇಕಾದ್ದು ಸುತ್ತಲ ಚೌಕಟ್ಟನ್ನು. ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡರಷ್ಟು. ಬಿಸಿಯಿರುವಾಗಲೇ ತಿರುಗಿಸಬೇಕು.

6. ಮೊದಲು ಚೂರು ಬಿಗಿ, ಆಮೇಲೆ ಸಡಿಲ.

ಬಿಚ್ಚಬೇಕಾದ್ದನ್ನು ಬಿಗಿ ಮಾಡಲು ಹೇಳುತ್ತಾರಲ್ಲ ಎನಿಸಬಹುದು. ತುಕ್ಕು ಹಿಡಿದ ಸ್ಕ್ರೂವಿನ ಮೊದಲ ಅಲುಗಾಟ ಮುಖ್ಯ, ಅದರ ದಿಕ್ಕಲ್ಲ. ಬಿಗಿಯ ಕಡೆಗೆ ಕೂದಲೆಳೆಯಷ್ಟು ಸರಿದರೂ ತುಕ್ಕಿನ ಬೆಸುಗೆ ಬಿಡುತ್ತದೆ. ಅದಾದ ಮೇಲೆ ಹಿಂದೆ, ಮುಂದೆ, ಹಿಂದೆ. ಬಂತೆಂದು ಒಂದೇ ಸಮನೆ ತಿರುಗಿಸಿದರೆ ಸಡಿಲವಾದ ತುಕ್ಕಿನ ಪುಡಿ ಮುಂದಿನ ಮರೆಗೆ ಸಿಕ್ಕಿ ಮತ್ತೆ ಹಿಡಿಯುತ್ತದೆ. ತಿರುಗಿಸುವ ಮೊದಲು ಡ್ರೈವರಿನ ಹಿಡಿಯ ತುದಿಗೆ ಸುತ್ತಿಗೆಯಿಂದ ಒಂದೆರಡು ಏಟು ಕೊಡುವುದೂ ಇದೇ ಉದ್ದೇಶಕ್ಕೆ. ಕಡ್ಡಿ ಹಿಡಿಯ ತುದಿಯವರೆಗೂ ಬಂದಿರುವ ಡ್ರೈವರ್ ಆಗಿರಬೇಕು, ಬರೀ ಪ್ಲಾಸ್ಟಿಕ್ ಹಿಡಿಯದು ಸೀಳುತ್ತದೆ.

7. ಒತ್ತೋದು ಮುಕ್ಕಾಲು, ತಿರುಗಿಸೋದು ಕಾಲು.

ಬಯಲಿನ ಸ್ಕ್ರೂಗೆ ಮೈಭಾರ ಹಾಕಿ ಒತ್ತಬಹುದು. ಮೂಲೆಯಲ್ಲಿ ಮೈಗೆ ಜಾಗವಿಲ್ಲ, ಮಣಿಕಟ್ಟಿನ ಬಲ ಮಾತ್ರ. ಆ ಬಲವನ್ನೆಲ್ಲ ತಿರುಗಿಸುವುದಕ್ಕೇ ಖರ್ಚು ಮಾಡುವುದರಿಂದ ಮೊನೆ ಜಾರುತ್ತದೆ. ಒತ್ತುವವರು ಬೇರೆ, ತಿರುಗಿಸುವವರು ಬೇರೆ ಆದರೆ ಸಲೀಸು. ಇನ್ನೊಬ್ಬರು ಇಲ್ಲದಿದ್ದರೆ ಗೋಡೆಯನ್ನೇ ಸಹಾಯಕ್ಕೆ ಕರೆಯಬೇಕು.

ಕಪಾಟಿನ ಒಳಮೈಯಲ್ಲಿ ಒಂದು ಸ್ಕ್ರೂ, ಅದರ ಎದುರಿಗೆ ಗೇಣು ದೂರದಲ್ಲಿ ಇನ್ನೊಂದು ಗೋಡೆ. ಗಿಡ್ಡ ಡ್ರೈವರನ್ನು ಸ್ಕ್ರೂಗೆ ಇಟ್ಟು, ಅದರ ಹಿಡಿಗೂ ಎದುರು ಗೋಡೆಗೂ ನಡುವೆ ಒಂದು ರೀಪಿನ ತುಂಡು ಕೊಟ್ಟು, ಸಂದಿಗೆ ಚಕ್ಕೆ ಹೊಡೆದು ಬಿಗಿ ಮಾಡಿದರೆ ಒತ್ತುವ ಕೆಲಸ ಚಕ್ಕೆಯದು. ಗೋಡೆಯ ಗಾರೆ ಉದುರದಂತೆ ಹಿಂದೆ ಒಂದು ಹಲಗೆ ಚೂರು ಇಡಬೇಕು. ಇನ್ನು ಡ್ರೈವರಿನ ಕಡ್ಡಿಯನ್ನು ಪಾನಾದಿಂದಲೋ ಇಕ್ಕಳದಿಂದಲೋ ಹಿಡಿದು ತಿರುಗಿಸಿದರೆ ಎಷ್ಟು ಜೋರು ಹಾಕಿದರೂ ಮೊನೆ ಮೇಲೇಳುವುದಿಲ್ಲ. ಹಿಡಿಯ ಬುಡದಲ್ಲಿ ಆರು ಮೂಲೆಯ ಗಂಟು ಇರುವ ಡ್ರೈವರ್ ಸಿಗುತ್ತದೆ, ಪಾನಾ ಹಾಕುವುದಕ್ಕೆಂದೇ ಅದನ್ನು ಮಾಡಿರುವುದು. ಸ್ಕ್ರೂ ಕಾಲು ಸುತ್ತು ಹೊರಬಂದ ಕೂಡಲೇ ಚಕ್ಕೆಯನ್ನು ಸಡಿಲಿಸಿ, ಇಲ್ಲದಿದ್ದರೆ ಅದು ಬರುವ ದಾರಿಗೆ ನೀವೇ ಅಡ್ಡ ನಿಂತಂತೆ.

8. ಉದ್ದ ಹೋಗದ ಕಡೆ ಗಿಡ್ಡ, ಗಿಡ್ಡವೂ ಹೋಗದ ಕಡೆ ಅಡ್ಡ.

ಗಿಡ್ಡ ಎಂದರೆ ಅಂಗೈಯಲ್ಲಿ ಅಡಗುವ ಡ್ರೈವರ್. ಅದನ್ನು ಎಲ್ಲರೂ ಬಲ್ಲರು. ಅಡ್ಡವೇ ಅಪರೂಪ. ಕಬ್ಬಿಣದ ಕಡ್ಡಿಯ ಎರಡೂ ತುದಿಯನ್ನು ಎದುರುಬದುರು ದಿಕ್ಕಿಗೆ ಮಡಚಿದ ಡ್ರೈವರಿದು. ಒಂದು ತುದಿಯ ಬಾಯಿ ಕಡ್ಡಿಯ ನೇರಕ್ಕಿದ್ದರೆ ಇನ್ನೊಂದರದು ಅಡ್ಡಕ್ಕೆ. ಒಂದೇ ಗೀರಿನ ಸ್ಕ್ರೂವನ್ನು ಹಿಡಿ ಬದಲಿಸಿ ಹಿಡಿಯಬೇಕೆಂದರೆ ಅರ್ಧ ಸುತ್ತು ತಿರುಗಿಸಲು ಜಾಗ ಬೇಕು. ಈ ತುದಿ ಒಮ್ಮೆ ಆ ತುದಿ ಒಮ್ಮೆ ಎಂದು ಹಾಕುತ್ತ ಹೋದರೆ ಕಾಲು ಸುತ್ತಿನ ಜಾಗ ಸಾಕು.

ಇದು ಮನೆಯಲ್ಲಿಲ್ಲದಿದ್ದರೆ ಡ್ರಿಲ್ಲಿಂಗ್ ಮಷಿನ್ನಿನ ಜೊತೆ ಬಂದ ಚಿಕ್ಕ ಬಿಟ್ಟುಗಳನ್ನು ನೋಡಿ. ಅವುಗಳ ಬುಡ ಆರು ಮೂಲೆಯದು, ಅಳತೆ ಕಾಲಿಂಚು. ಬಿಟ್ಟನ್ನು ಸ್ಕ್ರೂಗಿಟ್ಟು, ಬುಡಕ್ಕೆ ರಿಂಗ್ ಪಾನಾ ಹಾಕಿದರೆ ಅದೇ ಅಡ್ಡ ಡ್ರೈವರ್. ತೊಡಕಿರುವುದು ಅಳತೆಯಲ್ಲಿ. ಕಾಲಿಂಚು ಎಂದರೆ 6.35 ಮಿಲಿಮೀಟರ್. ನಮ್ಮಲ್ಲಿ ಸಾಮಾನ್ಯವಾಗಿರುವ 6-7ರ ಪಾನಾದ 6ರ ಬಾಯಿಗೆ ಅದು ಹೋಗುವುದಿಲ್ಲ, 7ರ ಬಾಯಿಯಲ್ಲಿ ಗಿರಕಿ ಹೊಡೆಯುತ್ತದೆ. ಬುಡಕ್ಕೆ ತಗಡಿನ ಸಪೂರ ಪಟ್ಟಿ ಸುತ್ತಿ 7ರಲ್ಲಿ ಕೂರಿಸಬಹುದು. ಕಾಲಿಂಚಿನದೇ ಪಾನಾ ಸಿಕ್ಕರೆ ಇನ್ನೂ ಒಳ್ಳೆಯದು. ಹನ್ನೆರಡು ಹಲ್ಲಿನ ರಿಂಗ್ ಪಾನಾ ಆದರೆ 30 ಡಿಗ್ರಿ ಆಡಿದರೂ ಸಾಕು, ಎತ್ತಿ ಮತ್ತೆ ಹಾಕಬಹುದು. ಗಡಿಯಾರದ ಮುಖದಲ್ಲಿ ಒಂದು ಗಂಟೆಗೂ ಇನ್ನೊಂದಕ್ಕೂ ಇರುವ ಅಂತರ ಅದು, ಅಷ್ಟು ಜಾಗ ಇಲ್ಲದ ಮೂಲೆ ನಮ್ಮ ಮನೆಗಳಲ್ಲಿ ವಿರಳ. ಬಿಟ್ಟಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿಯೇ ಹಿಡಿದಿರಬೇಕು. ಹೆಬ್ಬೆರಳು ನೋಯುತ್ತದೆ, ನೋಯಲಿ.

ಈಚೆಗೆ ಬಳುಕುವ ಕಡ್ಡಿಯ ಡ್ರೈವರ್ ಬಂದಿದೆ. ಅಂಗಡಿಯಲ್ಲಿ ನೋಡಿದರೆ ಮರುಳಾಗುವಂಥದ್ದು. ಸಡಿಲವಾದ ಸ್ಕ್ರೂವನ್ನು ಮೂಲೆಯಿಂದ ಹೊರಗೆ ತರಲು ಅದು ಚೆನ್ನ. ಬಿಗಿಯಾದದ್ದರ ಮೊದಲ ಅಲುಗಾಟಕ್ಕೆ ಅದು ಬರುವುದಿಲ್ಲ. ನೀವು ಹಾಕಿದ ಬಲವನ್ನೆಲ್ಲ ತಾನೇ ಹುರಿಗೊಂಡು ನುಂಗುತ್ತದೆ. ಅಡ್ಡ ಡ್ರೈವರಿನಲ್ಲಿ ಬಿಡಿಸಿ, ಬಳುಕುವುದರಲ್ಲಿ ಹೊರತೆಗೆಯಿರಿ. ಹಳೇ ಡ್ರೈವರನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿಕೊಂಡವರೂ ಈ ಕಡೆ ಇದ್ದಾರೆ. ಕಾಯಿಸಿದಾಗ ಉಕ್ಕಿನ ಹದ ಇಳಿಯುತ್ತದೆ. ಮೊನೆಗೆ ಮತ್ತೆ ನೀರು ಕುಡಿಸುವುದು ಗೊತ್ತಿರುವ ಕಮ್ಮಾರರಿದ್ದರೆ ಮಾತ್ರ ಈ ಸಾಹಸ.

9. ತಲೆ ಹೋದ್ರೆ ಹೊಸ ತಲೆ ಮಾಡಿ.

ಮೇಲಿನದೆಲ್ಲ ಸರಿಯಾಗಿ ಮಾಡಿದರೆ ಈ ಸಾಲಿಗೆ ಬರಬೇಕಾಗಿಲ್ಲ. ಬಂದವರು ಹಗುರದ ಉಪಾಯದಿಂದ ಶುರುಮಾಡಿ. ಗುಳಿ ಅರ್ಧ ಸವೆದಿದ್ದರೆ ಅಗಲದ ರಬ್ಬರ್ ಬ್ಯಾಂಡ್ ಚೂರನ್ನು ನಡುವೆ ಇಟ್ಟು ಡ್ರೈವರ್ ಒತ್ತುವುದು. ಅದಕ್ಕಿಂತ ಖಾತ್ರಿಯಾದದ್ದು ಗ್ಯಾರೇಜಿನವರು ಇಂಜಿನ್ ವಾಲ್ವ್ ಉಜ್ಜುವ ಮರಳುಮರಳಾದ ಪೇಸ್ಟು. ಮೊನೆಗೆ ಸಾಸಿವೆ ಕಾಳಷ್ಟು ಹಚ್ಚಿದರೆ ಕಚ್ಚಿ ಹಿಡಿಯುತ್ತದೆ.

ಪೂರ್ತಿ ಸವೆದಿದ್ದರೆ ಆಕ್ಸಾ ಬ್ಲೇಡಿನಿಂದ ಅಡ್ಡಗೀರು ಕೊರೆಯಬೇಕು. ಮೂಲೆಗೆ ಫ್ರೇಮು ಹೋಗುವುದಿಲ್ಲ. ಬ್ಲೇಡನ್ನು ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಎಳೆಯುವಾಗ ಮಾತ್ರ ಕೊಯ್ಯುವಂತೆ ಹಲ್ಲಿನ ದಿಕ್ಕು ನಿಮ್ಮ ಕಡೆಗಿರಲಿ. ತಳ್ಳಿದರೆ ಬ್ಲೇಡು ಬಾಗಿ ಮುರಿಯುತ್ತದೆ. ಗೀರು ಬಿದ್ದ ಮೇಲೆ ಅಗಲ ಬಾಯಿಯ ಚಪ್ಪಟೆ ಡ್ರೈವರ್.

ಕೊನೆಯ ದಾರಿ ತಲೆಯನ್ನೇ ತೆಗೆಯುವುದು. ಹಿಂಜಸ್‌ಗೆ ಹೆಚ್ಚಾಗಿ ಹಾಕುವ 8 ನಂಬರಿನ ಸ್ಕ್ರೂ ದಪ್ಪ 4.2 ಮಿಲಿಮೀಟರ್, ಅದಕ್ಕೆ 4ರ ಡ್ರಿಲ್ ಬಿಟ್. ತಲೆಯ ನಟ್ಟನಡುವೆ ಪಂಚ್‌ನಿಂದ ಚುಕ್ಕಿ ಹೊಡೆದು ಕೊರೆದರೆ ತಲೆ ಉಂಗುರವಾಗಿ ಕಳಚಿ ಬೀಳುತ್ತದೆ. ಹಿಂಜಸ್ ಎತ್ತಿಟ್ಟರೆ ಸ್ಕ್ರೂವಿನ ಕತ್ತು ಮರದಿಂದ ಹೊರಗೆ ಕಾಣುತ್ತದೆ, ಅದನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿದು ತಿರುಗಿಸಬಹುದು. ಹಿಂಜಸ್‌ನ ಒತ್ತಡ ಹೋದ ಮೇಲೆ ಅದೇ ಸ್ಕ್ರೂ ಆಶ್ಚರ್ಯವಾಗುವಷ್ಟು ಸುಲಭವಾಗಿ ಬರುತ್ತದೆ. ಮುರಿದ ಸ್ಕ್ರೂ ತೆಗೆಯಲೆಂದೇ ಎಡಮರೆಯ ಎಕ್ಸ್‌ಟ್ರಾಕ್ಟರ್ ಸಿಗುತ್ತದೆ. ಮನೆಕೆಲಸದ ಸಣ್ಣ ಸ್ಕ್ರೂಗಳಿಗೆ ನನ್ನ ಶಿಫಾರಸು ಇಲ್ಲ. ಅದು ತೀರ ಗಡಸು, ಒಳಗೇ ಮುರಿದರೆ ಸಾಧಾರಣ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

10. ಬೀಳೋ ಮೊದಲು ಹಿಡೀರಿ.

ಇಷ್ಟು ಕಷ್ಟಪಟ್ಟು ಬಿಡಿಸಿದ್ದು ಅಟ್ಟದ ಹಲಗೆಯ ಸಂದಿಗೋ ಮಿಕ್ಸಿಯ ಮೋಟಾರಿನೊಳಕ್ಕೋ ಬಿದ್ದರೆ ಮುಗಿಯಿತು. ಹಾಳಾದ ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ಡ್ರೈವರಿನ ಮೊನೆಯನ್ನು ಒಂದೇ ದಿಕ್ಕಿಗೆ ಹಲವು ಸಲ ಉಜ್ಜಿದರೆ ಮೊನೆಯೇ ಅಯಸ್ಕಾಂತವಾಗುತ್ತದೆ. ಹಿತ್ತಾಳೆಗೂ ಬಹುತೇಕ ಸ್ಟೇನ್‌ಲೆಸ್ ಸ್ಕ್ರೂಗಳಿಗೂ ಇದು ನಡೆಯದು, ಅವಕ್ಕೆ ಮೊನೆಯಲ್ಲಿ ಗ್ರೀಸಿನ ಹನಿ. ಏನೂ ಇಲ್ಲದಿದ್ದರೆ ಕೆಳಗೊಂದು ಪಂಚೆ ಹಾಸಿ.

11. ಹಳೇ ತೂತಿಗೆ ಹಳೇ ಸ್ಕ್ರೂ ಬೇಡ.

ಸಂಸೆಯ ಹಳೇ ಮನೆಗಳಲ್ಲಿ ಸ್ಕ್ರೂವೇ ಇಲ್ಲದ ಬಾಗಿಲುಗಳಿವೆ. ಬಾಗಿಲಿನ ಹಲಗೆಯಲ್ಲೇ ಮೇಲೊಂದು ಕೆಳಗೊಂದು ಮೊನೆ ಬಿಟ್ಟು, ದಾರಂದದ ಗುಳಿಯಲ್ಲಿ ಕೂರಿಸಿ ತಿರುಗುವಂತೆ ಮಾಡಿದವು. ಬಿಚ್ಚಬೇಕೆಂದರೆ ಬಾಗಿಲನ್ನು ಎತ್ತಿದರಾಯಿತು. ಮರಕ್ಕೆ ತಾನೇ ದಾರಿ ಕೊರೆದುಕೊಳ್ಳುವ ಚೂಪು ಮೊನೆಯ ಸ್ಕ್ರೂ ಯಂತ್ರದಲ್ಲಿ ತಯಾರಾಗತೊಡಗಿದ್ದು 1840ರ ದಶಕದಲ್ಲಿ, ಅಮೆರಿಕದಲ್ಲಿ. ಆ ಯಂತ್ರದ ಹಕ್ಕನ್ನು 1854ರಲ್ಲಿ ಕೊಂಡವರು ಬರ್ಮಿಂಗ್‌ಹ್ಯಾಮಿನ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್. ಬಂಡವಾಳ ಹಾಕಿದ ಚೇಂಬರ್ಲೇನ್ ಮನೆಯ ಹುಡುಗ ಜೋಸೆಫ್ 18ನೇ ವಯಸ್ಸಿಗೆ ಆ ಸ್ಕ್ರೂ ಕಾರ್ಖಾನೆಯ ಲೆಕ್ಕ ನೋಡಲು ಹೋಗಿ, ಮುಂದೆ ಬ್ರಿಟಿಷ್ ಸಾಮ್ರಾಜ್ಯದ ವಸಾಹತು ಮಂತ್ರಿಯಾದ. ಅವನ ಮಗ ನೆವಿಲ್ ಪ್ರಧಾನಿ. ಆ ಯಂತ್ರ ಬಂದಂದಿನಿಂದ ಸ್ಕ್ರೂ ಅಗ್ಗವಾಯಿತು, ಕೊರೆಯದೇ ತಿರುಗಿಸುವ ಸೋಮಾರಿತನವೂ ಬಂತು.

ಹಾಗೆ ತಿರುಗಿಸಿ ತಿರುಗಿಸಿ ತೂತು ದೊಡ್ಡದಾಗಿದ್ದರೆ ಇನ್ನೂ ದಪ್ಪ ಸ್ಕ್ರೂ ಹಾಕುವುದಲ್ಲ. ಬಲಿತ ಬಿದಿರಿನ ಸೀಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಹೊಡೆದು, ಒಂದು ದಿನ ಒಣಗಲು ಬಿಟ್ಟು, ಹೊರಗುಳಿದದ್ದನ್ನು ಕೊಯ್ದು, ನಡುವೆ ಹೊಸದಾಗಿ ಕೊರೆಯಬೇಕು. 8 ನಂಬರಿಗೆ ಗಟ್ಟಿ ಮರದಲ್ಲಿ 3 ಮಿಲಿಮೀಟರ್ ತೂತು ಸರಿ. ಬಚ್ಚಲು, ಅಡುಗೆಮನೆ, ಮಳೆ ಇರಚಲು ಹೊಡೆಯುವ ಕಿಟಕಿ, ಈ ಮೂರು ಕಡೆ ಸ್ಟೇನ್‌ಲೆಸ್ ಇಲ್ಲವೇ ಹಿತ್ತಾಳೆ ಹಾಕಿ. ನಾಲ್ಕು ಕಾಸು ಹೆಚ್ಚು, ಆದರೆ ಮಸಿಯ ಉಂಗುರವಿಲ್ಲ. ಹಿತ್ತಾಳೆ ಮೆದು, ಬಲಿತ ಹಲಸಿಗೆ ನೇರ ಹೊಡೆದರೆ ಕತ್ತು ಮುರಿಯುತ್ತದೆ. ಅದಕ್ಕೆ ಮರಗೆಲಸದವರು ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಪೂರ್ತಿ ತಿರುಗಿಸಿ ಇಳಿಸಿ, ಮರದಲ್ಲಿ ಮರೆ ಬಿದ್ದ ಮೇಲೆ ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕುತ್ತಾರೆ. ಮೇಣದಬತ್ತಿಯ ತುಂಡು ಸಾಕು. ಸೋಪು ಬೇಡ, ಅದು ಪಸೆ ಎಳೆಯುತ್ತದೆ.